ತಾರೀಖು ತಪ್ಪಿದ ಮೇಲೆ

ಕ್ರಿಮಿನಲ್ ಕೇಸಿನ ಆರ್ಡರ್ ಶೀಟ್, ಅಂದರೆ ಪ್ರತಿ ತಾರೀಖಿಗೆ ಕೋರ್ಟು ಆದೇಶ ಬರೆಯುವ ಹಾಳೆ. ಅದರ ಒಂದು ಸಾಲಿನಿಂದ ಶುರು ಮಾಡೋಣ. ಮೂಲ ಇಂಗ್ಲಿಷಿನಲ್ಲಿರುತ್ತದೆ. ಕನ್ನಡದಲ್ಲಿ ಓದಿದರೆ ಹೀಗೆ: ‘ಒಂದನೇ ಆರೋಪಿ ಗೈರು. ಅವನ ಪರ ಯಾರೂ ಇಲ್ಲ. ಜಾಮೀನು ಬಾಂಡ್ ರದ್ದು. ಆರೋಪಿಗೆ ಎನ್‌ಬಿಡಬ್ಲ್ಯೂ, ಜಾಮೀನುದಾರನಿಗೆ ನೋಟಿಸ್.’

ಬರೆಯಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷದಲ್ಲಿ ಒಬ್ಬನ ಬಿಡುಗಡೆ ಮುಗಿಯಿತು, ಜಾಮೀನು ರಹಿತ ವಾರಂಟ್, ಅಂದರೆ ಎನ್‌ಬಿಡಬ್ಲ್ಯೂ, ಹೊರಟಿತು, ಅವನಿಗಾಗಿ ತನ್ನ ಆಸ್ತಿಯ ಉತಾರ, ಅಂದರೆ ಪಹಣಿಯಂಥ ದಾಖಲೆ, ಕೊಟ್ಟ ಇನ್ನೊಬ್ಬನ ಮನೆಗೂ ಕಾಗದ ಹೋಯಿತು. ಸಾಲು ಬರೆದ ದಿನ ಆ ಆರೋಪಿ ಎಲ್ಲಿದ್ದ? ಇಂಡಿ, ಚಡಚಣ, ಸಿಂದಗಿ, ತಿಕೋಟಾ ಕಡೆಯ ತಾಂಡಾಗಳಿಂದ ಬಂದವರು ಇಲ್ಲಿ ಕೂತಿದ್ದೀರಿ, ನಿಮಗೆ ಹೇಳಬೇಕಿಲ್ಲ. ಸಾಂಗಲಿ, ಕೊಲ್ಲಾಪುರದ ಕಬ್ಬಿನ ಗದ್ದೆಯಲ್ಲಿರುತ್ತಾನೆ. ಇಲ್ಲವೇ ಗೋವಾದಲ್ಲಿ ಸ್ಲ್ಯಾಬ್ ಕೆಲಸದಲ್ಲಿ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಬದುವಿನ ಜಗಳ, ಕೇಸಾಯಿತು, ಜಾಮೀನೂ ಸಿಕ್ಕಿತು. ಶ್ರಾವಣದಲ್ಲಿ ಒಂದು ತಾರೀಖಿಗೆ ಬಂದುಹೋದ. ಮುಂದಿನ ತಾರೀಖು ನವೆಂಬರ್ 18. ಅಷ್ಟರಲ್ಲಿ ದೀಪಾವಳಿ. ಕೂಲಿ ಗ್ಯಾಂಗಿನ ಮೇಸ್ತ್ರಿ ಮುಕಾದಮನ ಹತ್ತಿರ ಮುಂಗಡ ಹಿಡಿದಾಗಿದೆ, ಗ್ಯಾಂಗಿನ ಲಾರಿ ಹೊರಟಿದೆ. ಗಂಡ ಹೆಂಡತಿ ಜೋಡಿಯಾಗಿ ದುಡಿಯುವ ಲೆಕ್ಕ ಅದು. ಗಂಡ ಎರಡು ದಿನ ಕೋರ್ಟಿಗೆಂದು ಬಂದರೆ ಜೋಡಿಯೇ ಕೂತಂತೆ. ಮುಕಾದಮ ಬಿಡುವುದಿಲ್ಲ. ಯುಗಾದಿಗೆ ಊರಿಗೆ ಬರುವ ಹೊತ್ತಿಗೆ ವಾರಂಟ್ ಎರಡು ಮೂರು ಸಲ ವಾಪಸಾಗಿರುತ್ತದೆ. ಪೊಲೀಸರ ವರದಿಯಲ್ಲಿ ‘ಊರಲ್ಲಿಲ್ಲ, ಗುಳೆ ಹೋಗಿದ್ದಾನೆ’ ಎಂದೇ ಇರುತ್ತದೆ. ಆದರೆ ಫೈಲಿನಲ್ಲಿ ಅವನು ‘ತಲೆಮರೆಸಿಕೊಂಡವ’.

ನಿಜವಾಗಿ ಓಡಿಹೋದವರು ಇಲ್ಲವೆಂದಲ್ಲ. ಇದ್ದಾರೆ. ಸಾಕ್ಷಿದಾರರಿಗೆ ಹೆದರಿಸುವವರು, ಊರು, ಹೆಸರು, ಸಿಮ್ ಎಲ್ಲ ಬದಲಿಸಿ ಕೂತವರು. ಅವರಿಗೆ ವಾರಂಟ್ ಬೇಕು, ಗಟ್ಟಿಯಾಗಿಯೇ ಬೇಕು. ತಕರಾರು ಇರುವುದು ಒಂದೇ ಮಾತಿಗೆ: ತಾರೀಖು ತಪ್ಪಿದವನಿಗೂ ಓಡಿಹೋದವನಿಗೂ ಒಂದೇ ಸಾಲು ಬರೆಯುತ್ತೇವೆ. ಕಾನೂನು ಹಾಗೆ ಬರೆಯಲು ಹೇಳಿಲ್ಲ. ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಸ್ವಲ್ಪ ದಾರಿ ಬಿಟ್ಟು ಒಂದು ಪದದ ವಿಷಯ ಹೇಳುತ್ತೇನೆ. ‘ಜಾಮೀನು’ ಎನ್ನುವುದು ಅರಬ್ಬಿಯಿಂದ ಪಾರ್ಸಿ ದಫ್ತರದ ಮೂಲಕ ನಮ್ಮಲ್ಲಿಗೆ ಬಂದ ಪದ. ‘ಮುಚ್ಚಳಿಕೆ’ಯೂ ಅದೇ ದಫ್ತರದ ದಾರಿ ಹಿಡಿದು ಬಂದದ್ದು. ಮೂಲದಲ್ಲಿ ‘ಜಾಮಿನ್’ ಅಂದರೆ ಹೊಣೆ ಹೊತ್ತ ಮನುಷ್ಯ. ನಾವು ಆ ಮನುಷ್ಯನ ಹೆಸರನ್ನೇ ಬಿಡುಗಡೆಗೂ ಇಟ್ಟೆವು. ಹಾಗಾಗಿ ‘ಜಾಮೀನು ಆಯಿತೇನು’ ಎಂದು ಕೇಳಿದರೆ ‘ಆರ್ಡರ್ ಆಗೇದ, ಜಾಮೀನಿಗೆ ಮಂದಿ ಸಿಗವಲ್ಲರು’ ಎಂಬ ಉತ್ತರ ಬರುತ್ತದೆ. ಹೊಣೆಗಾರನಿಲ್ಲದೆ ಬಿಡುಗಡೆಯೇ ಇಲ್ಲ ಎಂಬ ನಂಬಿಕೆ ನಮ್ಮ ಮಾತಿನಲ್ಲೇ ಕೂತಿದೆ. ಕಾನೂನಿನಲ್ಲಿ ಹಾಗಿಲ್ಲ. ಸ್ವಂತ ಮುಚ್ಚಳಿಕೆಯ ಮೇಲೆ, ಯಾರ ಹೊಣೆಯೂ ಇಲ್ಲದೆ ಬಿಡಬಹುದು. 2024ರ ಜುಲೈ 1ರಿಂದ ಬಂದಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ, ಅಂದರೆ ಬಿಎನ್‌ಎಸ್‌ಎಸ್, ತನ್ನ ಎರಡನೇ ಕಲಮಿನಲ್ಲೇ ಹೊಣೆಗಾರನಿರುವ ಬಾಂಡ್ ಬೇರೆ, ಹೊಣೆಗಾರನಿಲ್ಲದ ಬಾಂಡ್ ಬೇರೆ ಎಂದು ಬಿಡಿಸಿ ಹೇಳಿದೆ. ಅದರ 478ನೇ ಕಲಮು ಇನ್ನೂ ಮುಂದೆ ಹೋಗಿದೆ. ಜಾಮೀನು ಸಿಗಲೇಬೇಕಾದ ಅಪರಾಧದಲ್ಲಿ ಬಂಧನವಾಗಿ ಒಂದು ವಾರದೊಳಗೆ ಜಾಮೀನುದಾರನನ್ನು ಒದಗಿಸಲಾಗದಿದ್ದರೆ ಆ ಮನುಷ್ಯ ಬಡವ ಎಂದೇ ಕೋರ್ಟು ತಿಳಿಯಬೇಕು, ಸ್ವಂತ ಬಾಂಡಿನ ಮೇಲೆ ಬಿಡಬೇಕು. ‘ಬಿಡಬಹುದು’ ಅಲ್ಲ, ‘ಬಿಡಬೇಕು’.

ಇನ್ನೊಂದು ತಪ್ಪು ತಿಳಿವಳಿಕೆ ದುಡ್ಡಿನದು. ‘₹50,000 ಬಾಂಡ್, ಅಷ್ಟೇ ಮೊತ್ತಕ್ಕೆ ಒಬ್ಬ ಜಾಮೀನುದಾರ’ ಎಂದು ಆದೇಶವಾದರೆ ಊರಲ್ಲಿ ಐವತ್ತು ಸಾವಿರ ಕಟ್ಟಬೇಕಂತೆ ಎಂದು ಸುದ್ದಿ. ಯಾರೂ ಕಟ್ಟಬೇಕಿಲ್ಲ. ಅದು ಮಾತು. ಆರೋಪಿ ಬರದೇ ಹೋದರೆ ಕೊಡುತ್ತೇನೆ ಎಂಬ ಮಾತು. ಈ ಗೊಂದಲದಲ್ಲೇ ಸಾಲ ಎತ್ತಿದವರಿದ್ದಾರೆ, ಎತ್ತಿಸಿದ ಮಧ್ಯವರ್ತಿಗಳೂ ಇದ್ದಾರೆ. ನಗದು ಇಡುವ ದಾರಿಯೂ ಉಂಟು, ಅದೇ ಸಂಹಿತೆಯ 490ನೇ ಕಲಮು. ಮುಂದೆಯೂ ಬೇರೆ ಹೆಸರು ಹೇಳದ ಕಲಮುಗಳೆಲ್ಲ ಅದರವೇ. ಜಾಮೀನುದಾರ ಸಿಗದಿದ್ದರೆ ಕೋರ್ಟಿನ ಅನುಮತಿ ಪಡೆದು ನಿಗದಿ ಮಾಡಿದ ಹಣ ಠೇವಣಿ ಇಡಬಹುದು. ಆ ರಸೀದಿಯ ಮಾತು ಕೊನೆಗೆ ಬರುತ್ತದೆ.

ಈಗ ಜಾಮೀನುದಾರನನ್ನು ಹಿಡಿದು ಕೋರ್ಟಿಗೆ ಹೋಗುವ ಕೆಲಸ. ಇಲ್ಲಿ ಕೆಡುವುದು ಬಹಳ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ತರಬೇಕಾದ್ದು ಚಾಲ್ತಿ ವರ್ಷದ ಉತಾರ, ಆಧಾರ್, ಫೋಟೊ. ಹೊಲವಿಲ್ಲದವನು ಮನೆಯ ಉತಾರ, ಕರ ಕಟ್ಟಿದ ಪಾವತಿ. ಕೋರ್ಟು ಕೇಳಿದರೆ ಆಸ್ತಿಯ ಬೆಲೆ ತೋರಿಸುವ ಕಾಗದ. ಮೊದಲು ಉತಾರದ ಹೆಸರನ್ನೂ ಆಧಾರಿನ ಹೆಸರನ್ನೂ ಪಕ್ಕಪಕ್ಕ ಇಟ್ಟು ಓದಿ. ಉತಾರದಲ್ಲಿ ‘ಮಲ್ಲಪ್ಪ’, ಆಧಾರಿನಲ್ಲಿ ‘ಮಲ್ಲಿಕಾರ್ಜುನ’ ಇದ್ದರೆ ಅಲ್ಲೇ ನಿಲ್ಲುತ್ತದೆ. ಆಮೇಲೆ ಉತಾರ ಇನ್ನೂ ಅಜ್ಜನ ಹೆಸರಿನಲ್ಲಿದೆಯೋ, ಅಣ್ಣತಮ್ಮಂದಿರ ಜಂಟಿ ಹೆಸರಿನಲ್ಲಿದೆಯೋ ನೋಡಿ. ಜಂಟಿ ಇದ್ದರೆ ಇವನ ಪಾಲೆಷ್ಟು ಎಂದು ಕೋರ್ಟು ಕೇಳುತ್ತದೆ. ಹನ್ನೊಂದನೇ ಕಾಲಂನಲ್ಲಿ ಸೊಸೈಟಿ ಸಾಲ, ಬ್ಯಾಂಕಿನ ಬೋಜಾ ಎಷ್ಟಿದೆ ಎಂಬುದನ್ನೂ ನೋಡುತ್ತದೆ. ಹೊಲದ ಬೆಲೆಗಿಂತ ಸಾಲವೇ ಹೆಚ್ಚಿರುವ ಉತಾರ ತಂದರೆ ಬಸ್ಸಿನ ಖರ್ಚು ದಂಡ.

486ನೇ ಕಲಮಿನ ಪ್ರಕಾರ ಜಾಮೀನುದಾರ ತಾನು ಈಗಾಗಲೇ ಎಷ್ಟು ಜನಕ್ಕೆ ಜಾಮೀನು ನಿಂತಿದ್ದೇನೆ ಎಂದು ವಿವರ ಸಹಿತ ಘೋಷಿಸಬೇಕು. ಸುಳ್ಳು ಹೇಳಿದರೆ ಅವನ ಮೇಲೆಯೇ ಕೇಸು. ಕೋರ್ಟಿನ ಆವರಣದಲ್ಲಿ ಬಾಡಿಗೆಗೆ ನಿಲ್ಲುವ ಜಾಮೀನುದಾರರು, ನಕಲಿ ಉತಾರದ ದಂಧೆ ಇದ್ದೇ ಇದೆ. ನ್ಯಾಯಾಧೀಶರು ಜಾಮೀನುದಾರನನ್ನು ಕಟಕಟೆಗೆ ಕರೆದು ನಾಲ್ಕು ಪ್ರಶ್ನೆ ಕೇಳುವುದು ಅದಕ್ಕಾಗಿಯೇ. ಆರೋಪಿಯ ಹೆಸರೇನು, ನಿನಗೇನಾಗಬೇಕು, ಹೊಲದ ಸರ್ವೆ ನಂಬರ್ ಎಷ್ಟು, ಮೊದಲು ಯಾರಿಗಾದರೂ ನಿಂತಿದ್ದೀಯಾ. ಮೊದಲ ಸಲ ಕೋರ್ಟಿನ ಒಳಗೆ ಬಂದ ಹಳ್ಳಿಯ ಮನುಷ್ಯ ಸರ್ವೆ ನಂಬರ್ ಹೇಳಲು ತಡವರಿಸಿದರೂ ನಕಲಿ ಎಂಬ ಅನುಮಾನ ಬರುತ್ತದೆ. ಜ್ಯೂನಿಯರ್ ವಕೀಲರಿಗೆ ಒಂದು ಮಾತು: ಹೊರಗೆ ಬೇವಿನ ಗಿಡದ ಕೆಳಗೆ ಐದು ನಿಮಿಷ ನಿಂತು ಇವನ್ನು ಒಮ್ಮೆ ಕೇಳಿಸಿಕೊಂಡು ಒಳಗೆ ಕರೆದುಕೊಂಡು ಹೋಗಿ.

ನಮ್ಮ ಕಡೆಯದೇ ಒಂದು ತೊಡಕು ಇದೆ, ಗಡಿಯದು. ವಿಜಯಪುರದವನ ಮಾವನ ಮನೆ ಜತ್ತದಲ್ಲಿರುತ್ತದೆ, ನಿಪ್ಪಾಣಿಯವನ ಅಕ್ಕನ ಮನೆ ಕಾಗಲದಲ್ಲಿ. ಹೊಣೆ ಹೊರಲು ಸಿದ್ಧರಿರುವ ನೆಂಟರು ಮಹಾರಾಷ್ಟ್ರದವರು. ಅಲ್ಲಿಯ ಉತಾರ, ಸಾತಬಾರಾ ತಂದರೆ ‘ಸ್ಥಳೀಯ ಜಾಮೀನುದಾರ ಬೇಕು’ ಎನ್ನುತ್ತಾರೆ. ಇದಕ್ಕೆ 1978ರಲ್ಲೇ ಸುಪ್ರೀಂ ಕೋರ್ಟ್ ಉತ್ತರ ಕೊಟ್ಟಿದೆ, ಮೋತಿರಾಮ್ ಪ್ರಕರಣದಲ್ಲಿ. ಮಧ್ಯಪ್ರದೇಶದ ಒಬ್ಬ ಗೌಂಡಿ. ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟರು ₹10,000ದ ಜಾಮೀನುದಾರನನ್ನು ಕೇಳಿದರು. ಅಣ್ಣತಮ್ಮ ನಿಲ್ಲುತ್ತೇನೆಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಎರಡನ್ನೂ ತಳ್ಳಿಹಾಕಿ ₹1,000ದ ಸ್ವಂತ ಬಾಂಡಿನ ಮೇಲೆ ಬಿಡಲು ಹೇಳಿದರು. 2023ರ ಜನವರಿ 31ರಂದು ಜಾಮೀನು ನೀತಿಯ ಕುರಿತ ಆದೇಶದಲ್ಲಿ ಸುಪ್ರೀಂ ಕೋರ್ಟು ಮತ್ತೆ ಅದನ್ನೇ ಹೇಳಿದೆ: ಬಿಡುಗಡೆ ತಡವಾಗಲು ಸ್ಥಳೀಯ ಜಾಮೀನುದಾರನೇ ಬೇಕೆಂಬ ಹಟ ಒಂದು ಕಾರಣ, ಅಂಥ ಷರತ್ತು ಹಾಕಬೇಡಿ. ಈ ಎರಡು ಆದೇಶಗಳ ಪ್ರತಿ ವಕೀಲರ ಫೈಲಿನಲ್ಲಿ ಇರಲೇಬೇಕು. ಬಾಯಿಮಾತಿನಲ್ಲಿ ಹೇಳಿದರೆ ಆಗುವುದಿಲ್ಲ, ಅರ್ಜಿಯ ಜೊತೆ ಲಗತ್ತಿಸಬೇಕು.

ಮೇಲಿಂದ ಮೇಲೆ ಕೇಸಿದ್ದವರದು ಬೇರೆ ಗೋಳು. ಪ್ರತಿ ಕೇಸಿಗೂ ಇಬ್ಬಿಬ್ಬರು ಹೊಸ ಜಾಮೀನುದಾರರು ಎಲ್ಲಿಂದ ಬರಬೇಕು? 2024ರ ಆಗಸ್ಟಿನಲ್ಲಿ ಗಿರೀಶ್ ಗಾಂಧಿ ಪ್ರಕರಣದಲ್ಲಿ ಇದೇ ಪ್ರಶ್ನೆ ಎದ್ದಿತ್ತು. 13 ಕೇಸಿನಲ್ಲಿ ಜಾಮೀನು ಸಿಕ್ಕಿತ್ತು, ಆದರೂ ಮನುಷ್ಯ ಹೊರಗೆ ಬಂದಿರಲಿಲ್ಲ. ಅದೇ ಜಾಮೀನುದಾರರು ಹಲವು ಕೇಸಿಗೆ ನಿಲ್ಲಬಹುದು ಎಂದು ಸುಪ್ರೀಂ ಕೋರ್ಟು ದಾರಿ ಮಾಡಿಕೊಟ್ಟಿತು.

2023ರ ಆ ಆದೇಶದಲ್ಲಿ ಜನರಿಗೆ ಕಾನೂನಿನ ನೆರವು ಮುಟ್ಟಿಸುವ ನಮ್ಮ ಪ್ಯಾರಾಲೀಗಲ್ ಸ್ವಯಂಸೇವಕರಿಗೆ ನೇರವಾಗಿ ಕೆಲಸ ಕೊಡುವ ಮೂರು ಲೆಕ್ಕಗಳಿವೆ. ಜಾಮೀನು ಆದೇಶದ ಪ್ರತಿ ಅದೇ ದಿನ ಇಲ್ಲವೇ ಮರುದಿನ ಇ-ಮೇಲ್ ಮೂಲಕ ಜೈಲಿಗೆ ಹೋಗಬೇಕು. 7 ದಿನದೊಳಗೆ ಬಿಡುಗಡೆಯಾಗದಿದ್ದರೆ ಜೈಲು ಅಧೀಕ್ಷಕರು ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡಲಾಗದಿದ್ದರೆ ಕೋರ್ಟು ತಾನಾಗಿಯೇ ಫೈಲು ತೆಗೆದು ಷರತ್ತು ಸಡಿಲಿಸಬಹುದೇ ನೋಡಬಹುದು. ವಿಜಯಪುರದ ದರ್ಗಾ ಜೈಲಿಗೋ ಬೆಳಗಾವಿಯ ಹಿಂಡಲಗಾಕ್ಕೋ ಭೇಟಿ ಕೊಟ್ಟಾಗ ‘ಏನು ತೊಂದರೆ’ ಎಂದು ಕೇಳಿದರೆ ಊಟದ ಮಾತು ಬರುತ್ತದೆ. ‘ಜಾಮೀನು ಆರ್ಡರ್ ಆಗಿ ಏಳು ದಿನ ದಾಟಿದವರು ಯಾರು’ ಎಂದು ಪಟ್ಟಿ ಕೇಳಿ. ಉತ್ತರ ಬೇರೆಯೇ ಬರುತ್ತದೆ.

ಹಣದ ಷರತ್ತಿನಿಂದಲೇ ಒಳಗುಳಿದವರಿಗೆ ಕೇಂದ್ರದ ಬಡ ಕೈದಿಗಳ ನೆರವಿನ ಯೋಜನೆ ಇದೆ. 2023ರ ಮಾರ್ಗಸೂಚಿಯಲ್ಲಿ ವಿಚಾರಣಾಧೀನ ಕೈದಿಗೆ ₹40,000ದವರೆಗೆ ಎಂದಿತ್ತು. ಜಿಲ್ಲಾಧಿಕಾರಿಗಳ ಮಟ್ಟದ ಸಮಿತಿ ಒಪ್ಪಬೇಕು. ಭ್ರಷ್ಟಾಚಾರ, ಹಣ ಅಕ್ರಮ ವರ್ಗಾವಣೆ, ಮಾದಕವಸ್ತು, ಕಾನೂನುಬಾಹಿರ ಚಟುವಟಿಕೆ ತಡೆ ಕಾಯ್ದೆಯ (ಯುಎಪಿಎ) ಕೇಸುಗಳಿಗೆ ಇಲ್ಲ. ಮೊತ್ತವೇ ವಿಪರೀತ ಎನಿಸಿದರೆ 484ನೇ ಕಲಮಿನಡಿ ಸೆಷನ್ಸ್ ಕೋರ್ಟಿಗೆ ಇಳಿಸುವಂತೆ ಅರ್ಜಿ ಹಾಕಬಹುದು. ಹೈಕೋರ್ಟಿಗೂ ಹಾಕಬಹುದು. ವಿಜಯಪುರದವರಿಗೆ ಅದು ಕಲಬುರಗಿ ಪೀಠ, ಬೆಳಗಾವಿ, ಬಾಗಲಕೋಟೆಯವರಿಗೆ ಧಾರವಾಡ.

ಹೊರಗೆ ಬಂದದ್ದಾಯಿತು. ಇನ್ನು ತಾರೀಖು ಹೇಗೆ ತಪ್ಪುತ್ತದೆ ನೋಡಿ. ಗುಳೆಯ ಮಾತು ಆಗಲೇ ಹೇಳಿದೆ. ಅದು ದೊಡ್ಡ ಕಾರಣ. ಚಿಕ್ಕ ಕಾರಣಗಳು ಎಷ್ಟು ಚಿಕ್ಕವೆಂದರೆ ಹೇಳಿದರೆ ನಗು ಬರುತ್ತದೆ.

ಹೆಸರು. ಊರಲ್ಲಿ ‘ಪುಟ್ಯಾ’ ಎಂದರೆ ಎಲ್ಲರಿಗೂ ಗೊತ್ತು. ಚಾರ್ಜ್‌ಶೀಟಿನಲ್ಲಿ ‘ಪುಂಡಲೀಕ ತಂದೆ ಸೋಮಲು’, ಜೊತೆಗೊಂದು ಅಡ್ಡಹೆಸರು. ಬಾಗಿಲಲ್ಲಿ ಜವಾನರು ಗಡಿಬಿಡಿಯಲ್ಲಿ ಅಡ್ಡಹೆಸರು ಹಿಡಿದು ಮೂರು ಸಲ ಕೂಗಿದರೆ, ವರಾಂಡದಲ್ಲಿ ಗೋಡೆಗೆ ಒರಗಿ ಕೂತ ಪುಟ್ಯಾನಿಗೆ ತನ್ನನ್ನೇ ಕೂಗಿದ್ದು ಎಂದು ಗೊತ್ತಾಗುವುದಿಲ್ಲ. ಕೋರ್ಟಿಗೆ ಬಂದೂ ಗೈರಾದ.

ಹಾಲ್. ಹೊಸ ಕೋರ್ಟ್ ಶುರುವಾದಾಗ ಕೆಲವು ಕೇಸು ಅಲ್ಲಿಗೆ ವರ್ಗವಾಗುತ್ತವೆ. ಕೇಸಿನ ನಂಬರ್ ಅದೇ ಇರಬಹುದು, ಕೂಗುವ ಬಾಗಿಲು ಬೇರೆ. ಹಳೆಯ ಬಾಗಿಲಲ್ಲಿ ಸಂಜೆಯ ತನಕ ಕೂತು ‘ಇವತ್ತು ಕೂಗಲೇ ಇಲ್ಲ’ ಎಂದು ಊರಿಗೆ ಹೋದವನ ಮೇಲೆ ಮೇಲಿನ ಮಹಡಿಯಲ್ಲಿ ವಾರಂಟ್ ಆಗಿರುತ್ತದೆ.

ತಾರೀಖು. ಸಾಹೇಬರು ರಜೆ, ವಕೀಲರ ಕಲಾಪ ಬಹಿಷ್ಕಾರ, ಬೇಸಿಗೆ ರಜೆಗೆ ಮುಂಚಿನ ಗದ್ದಲ. ಇಂಥ ದಿನ ಮುಂದಿನ ತಾರೀಖನ್ನು ಒಟ್ಟಿಗೆ ಹೇಳಿ ಕಳಿಸುತ್ತಾರೆ. ಬೀಡಿ ಕಟ್ಟಿನ ಹಿಂದೆಯೋ ವಕೀಲರ ಕಾರ್ಡಿನ ಹಿಂದೆಯೋ ಬರೆದುಕೊಂಡ ಆ ಅಂಕಿ 16ರ ಬದಲು 26 ಆದರೆ ಮುಗಿಯಿತು.

ಇದಕ್ಕೆಲ್ಲ ಮದ್ದು ಸಿಎನ್‌ಆರ್ ನಂಬರ್. ಪ್ರತಿ ಕೇಸಿಗೂ 16 ಅಕ್ಷರ ಮತ್ತು ಅಂಕಿ ಸೇರಿದ ಒಂದು ಗುರುತಿನ ಸಂಖ್ಯೆ ಇರುತ್ತದೆ. ನಮ್ಮ ರಾಜ್ಯದ್ದು ‘ಕೆಎ’ ಎಂಬ ಇಂಗ್ಲಿಷ್ ಅಕ್ಷರಗಳಿಂದ ಶುರು. ಇ-ಕೋರ್ಟ್ಸ್ ಸರ್ವಿಸಸ್ ಆ್ಯಪ್ ಪುಕ್ಕಟೆ. ಆ ನಂಬರ್ ಹಾಕಿದರೆ ಮುಂದಿನ ತಾರೀಖು, ಯಾವ ಕೋರ್ಟು, ಯಾವ ಹಂತ ಎಲ್ಲ ಬರುತ್ತದೆ. ಗೋವಾದಲ್ಲಿ ಕೂತವನೂ ನೋಡಿಕೊಳ್ಳಬಹುದು. ಓದಲು ಬಾರದವನ ಮಗಳು ನೋಡಿ ಹೇಳಬಹುದು. ಕೇಸಿಗೆ ಹೋಗುವವರ ಮೊಬೈಲಿನಲ್ಲಿ ಆ ಒಂದು ನಂಬರ್ ಹಾಕಿಕೊಟ್ಟರೆ ನಿಮ್ಮ ಅರ್ಧ ಕೆಲಸ ಅಲ್ಲೇ ಆದಂತೆ.

ಬರಲು ಆಗುವುದಿಲ್ಲ ಎಂದು ಮೊದಲೇ ಗೊತ್ತಿದ್ದರೆ? ಆಗ ಈಪಿ. ಹಾಜರಾತಿಯಿಂದ ವಿನಾಯಿತಿ ಕೇಳುವ ಅರ್ಜಿ. ಹೊಸ ಸಂಹಿತೆಗೆ ಮುಂಚೆ ಇದ್ದ ಸಿಆರ್‌ಪಿಸಿಯಲ್ಲಿ 317, ಈಗ 355. ಆ ದಿನ ಮಾತ್ರ ಬಿಡಿ ಎಂದು ಕೇಳುವುದು. ವಕೀಲರು ಕೋರ್ಟಿನಲ್ಲಿ ಇರಲೇಬೇಕು, ಆರೋಪಿಯ ಗುರುತಿನ ಬಗ್ಗೆ ತಕರಾರಿಲ್ಲ, ಅವನಿಲ್ಲದಾಗ ಸಾಕ್ಷಿ ತೆಗೆದುಕೊಂಡರೆ ಅಡ್ಡಿಯಿಲ್ಲ ಎಂದು ಬರೆಯಬೇಕು. ಕಾರಣಕ್ಕೆ ಕಾಗದ ಇರಬೇಕು. ‘ಅನಾರೋಗ್ಯ’ ಎಂದು ಒಂದೇ ಪದ ಬರೆದ ಈಪಿ ಮೂರನೇ ಸಲ ತಿರಸ್ಕಾರವಾದರೆ ಕೋರ್ಟನ್ನು ಬೈಯಬೇಡಿ. ಗುಳೆ ಹೋದವನು ಗುಳೆ ಹೋಗಿದ್ದೇನೆ ಎಂದೇ ಬರೆಯಲಿ, ಮುಕಾದಮನ ಹೆಸರು, ಫ್ಯಾಕ್ಟರಿಯ ಊರು, ಮರಳುವ ತಿಂಗಳು ಬರೆಯಲಿ. ಸುಳ್ಳು ಜ್ವರಕ್ಕಿಂತ ನಿಜವಾದ ಕಬ್ಬು ವಾಸಿ. ದೀರ್ಘ ಕಾಲಕ್ಕೆ ಬೇಕಾದರೆ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ 228ನೇ ಕಲಮು ಇದೆ, ಹಳೆಯ 205. ಸೊಸೈಟಿ ಸಾಲದ ಚೆಕ್ ಬೌನ್ಸ್ ಕೇಸುಗಳಲ್ಲಿ ಇದು ಬಹಳ ಉಪಯೋಗಕ್ಕೆ ಬರುತ್ತದೆ, ಬಳಸುವವರು ಕಡಿಮೆ. ಆದರೆ ಎಲ್ಲ ದಿನವೂ ಈಪಿ ನಡೆಯುವುದಿಲ್ಲ. ಆರೋಪ ಓದಿ ಹೇಳುವ ದಿನ, ಸಾಕ್ಷ್ಯ ಮುಗಿದ ಮೇಲೆ ಆರೋಪಿಯ ಹೇಳಿಕೆ ಪಡೆಯುವ ದಿನ, ತೀರ್ಪಿನ ದಿನ ಬರಬೇಕೆಂದೇ ಇಟ್ಟುಕೊಳ್ಳಿ. ಆರೋಪವನ್ನು ವಿಡಿಯೊ ಮೂಲಕ ಓದಿ ಹೇಳಲು ಹೊಸ ಸಂಹಿತೆಯ 251ನೇ ಕಲಮು ದಾರಿ ಬಿಟ್ಟಿದೆ. ಅದಕ್ಕೆ ವಕೀಲರು ಮುಂಚೆಯೇ ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಬೇಕು.

ಇಷ್ಟೆಲ್ಲ ಆದರೂ ತಪ್ಪಿತು ಎನ್ನಿ. ಕೋರ್ಟು ಮೊದಲ ಗೈರಿಗೇ ಎನ್‌ಬಿಡಬ್ಲ್ಯೂ ಹೊರಡಿಸಲೇಬೇಕೆ? ಬಾಂಡ್ ಕೊಟ್ಟವನು ಬಾರದಿದ್ದರೆ ವಾರಂಟ್ ‘ಹೊರಡಿಸಬಹುದು’ ಎನ್ನುತ್ತದೆ 92ನೇ ಕಲಮು. 2007ರ ಇಂದರ್ ಮೋಹನ್ ಗೋಸ್ವಾಮಿ ತೀರ್ಪು ಮೆಟ್ಟಿಲು ಹಾಕಿಕೊಟ್ಟಿದೆ: ಮೊದಲು ಸಮನ್ಸ್, ಆಮೇಲೆ ಜಾಮೀನು ಸಹಿತ ವಾರಂಟ್, ಮನುಷ್ಯ ಬೇಕೆಂತಲೇ ತಪ್ಪಿಸಿಕೊಳ್ಳುತ್ತಿದ್ದಾನೆ ಎಂದು ಖಾತ್ರಿಯಾದಾಗ ಜಾಮೀನು ರಹಿತ ವಾರಂಟ್. ಜಾಮೀನು ಸಹಿತ ವಾರಂಟಿನಲ್ಲಿ ಪೊಲೀಸರೇ ಬಾಂಡ್ ಬರೆಸಿಕೊಂಡು ಬಿಡುತ್ತಾರೆ, ಜೈಲಿಲ್ಲ. ಮೊದಲ ಸಲ ತಪ್ಪಿದವನಿಗೆ ಇಷ್ಟೇ ಸಾಕು ಎಂಬುದು ನನ್ನ ವಾದ. ಕೋರ್ಟಿನ ಮೇಲಿರುವ ಫೈಲಿನ ಹೊರೆ ಗೊತ್ತಿದ್ದೇ ಹೇಳುತ್ತಿದ್ದೇನೆ. ಮೂರು ಸಲ ವಾಪಸಾಗುವ ಎನ್‌ಬಿಡಬ್ಲ್ಯೂಗಿಂತ ಒಂದು ಸಲ ಮುಟ್ಟುವ ಜಾಮೀನು ಸಹಿತ ವಾರಂಟಿನಿಂದ ಫೈಲು ಬೇಗ ಮುಂದೆ ಹೋಗುತ್ತದೆ.

ಎನ್‌ಬಿಡಬ್ಲ್ಯೂ ಆಗಿಯೇ ಹೋಗಿದ್ದರೆ ಬಚ್ಚಿಟ್ಟುಕೊಳ್ಳುವುದು ಎಲ್ಲಕ್ಕಿಂತ ಕೆಟ್ಟ ದಾರಿ. ವಾರಂಟಿಗೆ ಮುಪ್ಪಿಲ್ಲ. ಕೋರ್ಟು ರದ್ದು ಮಾಡುವ ತನಕ ಇಲ್ಲವೇ ಜಾರಿಯಾಗುವ ತನಕ ಅದು ಜೀವಂತ, 72ನೇ ಕಲಮು ಹಾಗೆನ್ನುತ್ತದೆ. 2017ರ ವಾರಂಟ್ ಇವತ್ತೂ ನಡೆಯುತ್ತದೆ. ಚುನಾವಣೆ ಬಂತೆಂದರೆ ಠಾಣೆಗಳು ಬಾಕಿ ವಾರಂಟಿನ ಪಟ್ಟಿ ಹಿಡಿದು ಹೊರಡುವುದನ್ನು ನೋಡಿದ್ದೀರಿ.

ಮಾಡಬೇಕಾದ್ದು ಹೀಗೆ. ಅದೇ ದಿನ ಮಧ್ಯಾಹ್ನದ ಹೊತ್ತಿಗೆ ಬಂದು ಮುಟ್ಟಿದರೆ ಅವತ್ತೇ ವಕೀಲರ ಮೂಲಕ ಅರ್ಜಿ ಕೊಟ್ಟು ಬೆಳಗಿನ ಆದೇಶ ಹಿಂದಕ್ಕೆ ಪಡೆಯುವಂತೆ ಕೇಳಿ. ವಾರಂಟ್ ಇನ್ನೂ ಟೈಪೇ ಆಗಿರುವುದಿಲ್ಲ, ಬಹಳ ಸಲ ಕೋರ್ಟು ಒಪ್ಪುತ್ತದೆ. ದಿನ ಕಳೆದಿದ್ದರೆ ಮುಂದಿನ ತಾರೀಖಿಗೆ ಕಾಯಬೇಡಿ, ಕೇಸನ್ನು ಮುಂಚೆಯೇ ತೆಗೆದುಕೊಳ್ಳುವಂತೆ ಅಡ್ವಾನ್ಸ್‌ಮೆಂಟ್ ಅರ್ಜಿ, ಜೊತೆಗೆ ವಾರಂಟ್ ರೀಕಾಲ್, ಅಂದರೆ ಹಿಂದಕ್ಕೆ ಪಡೆಯುವ, ಅರ್ಜಿ, ಏಕೆ ತಪ್ಪಿತೆಂಬ ಅಫಿಡವಿಟ್. 2024ರ ಜುಲೈಗೆ ಮುಂಚೆಯೇ ನಡೆಯುತ್ತಿದ್ದ ವಿಚಾರಣೆಯಲ್ಲಿ ಹಳೆಯ ಸಿಆರ್‌ಪಿಸಿ ಕಲಮು ಬರೆಯಬೇಕು, 70(2). ಹೊಸದರಲ್ಲಿ 72(2). ಆರೋಪಿ ಖುದ್ದು ಕೋರ್ಟಿನಲ್ಲಿ ನಿಂತಿರಬೇಕು. ಮತ್ತು, ಇದನ್ನು ಮರೆಯುವವರೇ ಹೆಚ್ಚು, ಜಾಮೀನುದಾರನೂ ಉತಾರದ ಸಮೇತ ಬಂದಿರಬೇಕು. ಹಳೆಯ ಬಾಂಡ್ ರದ್ದಾಗಿದೆಯಲ್ಲ, ಹೊಸದು ಕೇಳುತ್ತಾರೆ. ವಾರಂಟ್ ರೀಕಾಲ್ ಆಯಿತು, ಆದರೆ ಜಾಮೀನುದಾರ ಇಲ್ಲ ಎಂಬ ಒಂದೇ ಕಾರಣಕ್ಕೆ ಸಂಜೆ ಜೈಲಿನ ವ್ಯಾನ್ ಹತ್ತಿದವರಿದ್ದಾರೆ. ಶುಕ್ರವಾರ ಮಧ್ಯಾಹ್ನ ಹಾಜರಾದರೆ ಸೋಮವಾರದ ತನಕ ಒಳಗೆ. ಹಾಗಾಗಿ ಹಾಜರಾಗುವುದಿದ್ದರೆ ವಾರದ ಮೊದಲ ದಿನಗಳಲ್ಲಿ, ಬೆಳಿಗ್ಗೆ 11ರೊಳಗೆ.

ತನಿಖೆಯಲ್ಲಿ ಬಂಧನವಾಗದೆ ಸಹಕರಿಸಿದವರು, 7 ವರ್ಷದವರೆಗಿನ ಶಿಕ್ಷೆಯ ಅಪರಾಧ. ಇಂಥ ಕೇಸುಗಳಿಗೆ 2021ರ ಅಕ್ಟೋಬರಿನಲ್ಲಿ ಸತೇಂದರ್ ಕುಮಾರ್ ಅಂತಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಇನ್ನೂ ಒಂದು ಬಾಗಿಲು ತೆರೆದಿದೆ. ವಾರಂಟ್ ಜಾರಿಯಾಗುವ ಮೊದಲೇ ಅರ್ಜಿ ಕೊಟ್ಟು, ಮುಂದಿನ ತಾರೀಖಿಗೆ ಖುದ್ದು ಬರುತ್ತೇನೆ ಎಂದು ಬರೆದುಕೊಟ್ಟರೆ, ಹಾಜರಾತಿ ಇಲ್ಲದೆಯೇ ಎನ್‌ಬಿಡಬ್ಲ್ಯೂವನ್ನು ರದ್ದು ಮಾಡಬಹುದು, ಇಲ್ಲವೇ ಸಮನ್ಸಾಗಿ ಬದಲಿಸಬಹುದು.

ರೀಕಾಲ್ ಆದ ಮೇಲೆ ಇನ್ನೊಂದು ಹೆಜ್ಜೆ ಬಾಕಿ ಇರುತ್ತದೆ. ಆ ಸುದ್ದಿ ಠಾಣೆಗೆ ಮುಟ್ಟಬೇಕು. ಕೋರ್ಟಿನಲ್ಲಿ ವಾರಂಟ್ ಸತ್ತಿರುತ್ತದೆ, ಠಾಣೆಯ ಕಪಾಟಿನಲ್ಲಿ ಬದುಕಿರುತ್ತದೆ. ಆದೇಶದ ಪ್ರತಿ ಪಡೆದು ಠಾಣೆಗೆ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ, ಒಂದು ಫೋಟೊ ಮೊಬೈಲಿನಲ್ಲಿರಲಿ.

ಜಾಮೀನುದಾರನನ್ನು ಮರೆತೆವು. ಅವನಿಗೂ ಕಾನೂನಿನ ಮೆಟ್ಟಿಲುಗಳಿವೆ. 491ನೇ ಕಲಮಿನಂತೆ ಕೋರ್ಟು ಮೊದಲು ಬಾಂಡ್ ಮುಟ್ಟುಗೋಲಾಗಿದೆ ಎಂದು ಆಧಾರ ಬರೆದು ದಾಖಲಿಸಬೇಕು. ಆಮೇಲೆ ದಂಡ ಏಕೆ ವಸೂಲು ಮಾಡಬಾರದು ಎಂದು ನೋಟಿಸ್. ಉತ್ತರ ಕೇಳಿದ ಮೇಲೆ ವಸೂಲಿ. ಕಾರಣ ಬರೆದು ಸ್ವಲ್ಪ ಭಾಗ ಮಾಫಿ ಮಾಡುವ ಅಧಿಕಾರವೂ ಕೋರ್ಟಿಗಿದೆ. ಹಣ ವಸೂಲಾಗದಿದ್ದರೆ ಜಾಮೀನುದಾರನನ್ನು 6 ತಿಂಗಳವರೆಗೆ ಸಿವಿಲ್ ಜೈಲಿಗೆ ಕಳಿಸಬಹುದು. ನೋಟಿಸ್ ಬಂದಾಗ ಹರಿದು ಒಲೆಗೆ ಹಾಕುವುದರ ಬೆಲೆ ಇದು. ನೋಟಿಸ್ ಹಿಡಿದು ಬಂದು, ಆರೋಪಿ ಎಲ್ಲಿದ್ದಾನೆ, ಯಾವಾಗ ತರುತ್ತೇನೆ ಎಂದು ಹೇಳಿ ಸಮಯ ಕೇಳಿದವನಿಗೆ ಸಾಮಾನ್ಯವಾಗಿ ಸಮಯ ಸಿಗುತ್ತದೆ. ಆರೋಪಿಯ ನಡತೆ ಸರಿಯಿಲ್ಲ, ಈ ಹೊಣೆ ಬೇಡ ಎನಿಸಿದವನು ತಾರೀಖು ತಪ್ಪುವ ಮೊದಲೇ 489ರ ಅಡಿ ನನ್ನನ್ನು ಬಿಡಿಸಿ ಎಂದು ಅರ್ಜಿ ಹಾಕಬಹುದು. ಕೋರ್ಟು ಆರೋಪಿಯನ್ನು ಕರೆಸಿ ಬೇರೆ ಜಾಮೀನುದಾರನನ್ನು ಕೇಳುತ್ತದೆ. ಬೀಗರ ಮುಲಾಜಿಗೆ ಸುಮ್ಮನಿದ್ದು ಆಮೇಲೆ ವಸೂಲಿ ಹೊಲದ ಮೇಲೆ ಬಂದಾಗ ಅಳುವುದಕ್ಕಿಂತ ಇದು ಮೇಲು.

ಇನ್ನೂ ಮುಂದಕ್ಕೆ ಹೋದರೆ ಉದ್ಘೋಷಣೆ, 84ನೇ ಕಲಮು. ಊರಲ್ಲಿ ಓದಿ ಹೇಳಿ, ಮನೆಗೆ ಅಂಟಿಸಿ, ಕನಿಷ್ಠ 30 ದಿನ ಕೊಡಬೇಕು. ನಂತರ ಆಸ್ತಿ ಜಪ್ತಿ. ಉದ್ಘೋಷಣೆಗೂ ಬಾರದಿರುವುದು ಭಾರತೀಯ ನ್ಯಾಯ ಸಂಹಿತೆಯ 209ರಲ್ಲಿ ಬೇರೆಯೇ ಅಪರಾಧ, 3 ವರ್ಷದವರೆಗೆ ಶಿಕ್ಷೆ. ಬಾಂಡ್ ಕೊಟ್ಟು ಕಾರಣವಿಲ್ಲದೆ ಬಾರದಿರುವುದು ಅದೇ ನ್ಯಾಯ ಸಂಹಿತೆಯ 269ರಲ್ಲಿ, 1 ವರ್ಷದವರೆಗೆ. ಜೊತೆ ಆರೋಪಿಗಳ ವಿಚಾರಣೆ ಮುಂದುವರಿಸಲು ಇವನ ಕೇಸನ್ನು ಒಡೆದು ಬೇರೆ ನಂಬರ್ ಕೊಡುತ್ತಾರೆ, ಅದು ಬಹುಕಾಲ ಬಾಕಿ ಉಳಿದ ಕೇಸುಗಳ ಎಲ್‌ಪಿಸಿ ರಿಜಿಸ್ಟರಿಗೆ ಹೋಗಿ ಕೂರುತ್ತದೆ. ಹಳೆಯ ಕೇಸು ಹುಡುಕುವಾಗ ಮೂಲ ನಂಬರಿನಲ್ಲಿ ಸಿಗದಿದ್ದರೆ ‘ಸ್ಪ್ಲಿಟ್ ಆಗಿದೆಯೇ’ ಎಂದು ಕೇಳಿ.

ಬೇರೆ ಊರಲ್ಲಿ ಏನು ಮಾಡಿದ್ದಾರೆ ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. ಅಮೆರಿಕದಲ್ಲಿ ಜಾಮೀನೆಂದರೆ ಬಹುಪಾಲು ನಗದು, ಹತ್ತು ಪರ್ಸೆಂಟ್ ಪಡೆದು ಹೊಣೆ ಹೊರುವ ಕಂಪನಿಗಳೇ ಇವೆ. ಇಲಿನಾಯ್ ರಾಜ್ಯ 2023ರ ಸೆಪ್ಟೆಂಬರ್ 18ರಿಂದ ನಗದು ಜಾಮೀನನ್ನೇ ತೆಗೆದುಹಾಕಿತು. ನಮಗೆ ಹೆಚ್ಚು ಹತ್ತಿರದ ಪಾಠ ನ್ಯೂಯಾರ್ಕ್ ನಗರದ್ದು. ಸಣ್ಣ ಅಪರಾಧಗಳ ಸಮನ್ಸ್ ಕಾಗದದಲ್ಲಿ ತಾರೀಖು ಮತ್ತು ಜಾಗ ಮೇಲೆಯೇ ಕಣ್ಣಿಗೆ ಬೀಳುವಂತೆ ಮರುವಿನ್ಯಾಸ ಮಾಡಿದರು. ಗೈರು ಸುಮಾರು 13% ಇಳಿಯಿತು. ಮೊಬೈಲಿಗೆ ನೆನಪಿನ ಸಂದೇಶ ಕಳಿಸಿದಾಗ ಸುಮಾರು 21% ಇಳಿಯಿತು. 2020ರಲ್ಲಿ ಪ್ರಕಟವಾದ ಅಧ್ಯಯನ ಅದು. ಯಾವ ಕಾನೂನೂ ಬದಲಾಗಲಿಲ್ಲ, ಬದಲಾದದ್ದು ಒಂದು ಹಾಳೆ ಮತ್ತು ಒಂದು ಎಸ್‌ಎಂಎಸ್.

ಇಲ್ಲಿ ಅದನ್ನು ಯಾರು ಮಾಡಬೇಕು ಎಂದರೆ, ಜಿಲ್ಲಾ ಪ್ರಾಧಿಕಾರ, ವಕೀಲರ ಸಂಘ ಮತ್ತು ನೀವು. ಬಾಂಡ್ ಬರೆಯುವ ದಿನ ಎರಡು ಮೊಬೈಲ್ ನಂಬರ್ ತೆಗೆದುಕೊಳ್ಳಲಿ, ಒಂದು ಅವನದು, ಇನ್ನೊಂದು ಊರಲ್ಲೇ ಉಳಿಯುವವರದು. ಗುಳೆಯಲ್ಲಿ ಸಿಮ್ ಬದಲಾಗುತ್ತದೆ, ಅವ್ವನ ನಂಬರ್ ಬದಲಾಗುವುದಿಲ್ಲ. ಕೈಗೆ ಒಂದು ಚೀಟಿ ಕೊಡಲಿ. ದೊಡ್ಡ ಅಕ್ಷರದಲ್ಲಿ ತಾರೀಖು, ವಾರ, ಹಾಲ್ ನಂಬರ್, ಸಿಎನ್‌ಆರ್. ಖಾನಾಪುರ, ನಿಪ್ಪಾಣಿಯಲ್ಲಿ ಚೀಟಿಯ ಹಿಂಬದಿಗೆ ಮರಾಠಿಯಲ್ಲೂ ಇರಲಿ. ತಾರೀಖಿಗೆ ನಾಲ್ಕು ದಿನ ಇರುವಾಗ ಸ್ವಯಂಸೇವಕರು ಒಂದು ಫೋನ್ ಮಾಡಲಿ. ಹಿಂದಿನ ದಿನ ಮಾಡಿದರೆ ಸಾಂಗಲಿಯಿಂದ ಬಸ್ಸು ಹಿಡಿದು ಬರಲು ಆಗುವುದಿಲ್ಲ. ವಕೀಲರು ತಾರೀಖು ಕೇಳುವಾಗಲೇ ‘ಇವರು ಗುಳೆ ಮಂದಿ, ನವೆಂಬರ್‌ನಿಂದ ಮಾರ್ಚ್ ತನಕ ಖುದ್ದು ಬರುವ ಹಂತ ಬೇಡ’ ಎಂದು ಒಂದು ಮೆಮೊ ಹಾಕಿಟ್ಟರೆ ಅದು ಫೈಲಿನಲ್ಲಿ ಉಳಿಯುತ್ತದೆ. ಒಪ್ಪುವುದು ಬಿಡುವುದು ಕೋರ್ಟಿನದು, ಆದರೆ ಕೇಳಿದ್ದು ದಾಖಲೆಯಲ್ಲಿರುತ್ತದೆ. ಯುಗಾದಿಯ ಮುಂದಿನ ವಾರ ಊರು ತುಂಬಿರುತ್ತದೆ. ಬಾಕಿ ವಾರಂಟಿನವರನ್ನು ತಾವಾಗಿಯೇ ಕರೆತರಲು ಪಂಚಾಯಿತಿಯವರಿಗೆ ವರ್ಷದಲ್ಲಿ ಸಿಗುವ ಹದವಾದ ವಾರ ಅದು. ವಕೀಲರಿಲ್ಲದವರಿಗಾಗಿ ಕಾನೂನು ಸೇವೆಗಳ ಸಹಾಯವಾಣಿ 15100ಕ್ಕೆ ಫೋನ್ ಮಾಡಿ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಬಂಧನದಲ್ಲಿರುವವರಿಗೆ ಆದಾಯ ಎಷ್ಟಿದ್ದರೂ ಉಚಿತ ವಕೀಲರು ಸಿಗುತ್ತಾರೆ.

ಇನ್ನು ಆಗ ಬಾಕಿ ಇಟ್ಟ ರಸೀದಿ. ಕೇಸು ಮುಗಿದ ದಿನ ಸಿಹಿ ಹಂಚಿ ಊರಿಗೆ ಹೋಗುತ್ತಾರೆ, ಎರಡು ಕೆಲಸ ಹಾಗೇ ಉಳಿಯುತ್ತದೆ. ನಗದು ಠೇವಣಿ ಇಟ್ಟಿದ್ದರೆ ಅದು ತಾನಾಗಿ ಮನೆಗೆ ಬರುವುದಿಲ್ಲ. ಮೂಲ ರಸೀದಿ, ತೀರ್ಪಿನ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿ ಇಟ್ಟು ಅದೇ ಕೋರ್ಟಿಗೆ ಅರ್ಜಿ ಹಾಕಬೇಕು. ರಸೀದಿ ವಕೀಲರ ಫೈಲಿನಲ್ಲಿ ಬಿಟ್ಟು ಬರಬೇಡಿ, ಉತಾರದ ಜೊತೆ ಪೆಟ್ಟಿಗೆಯಲ್ಲಿ ಇಡಿ. ಜಾಮೀನುದಾರನ ಉತಾರದ ಮೇಲೆ ಕೋರ್ಟಿನ ಜಾಮೀನಿನ ನಮೂದು ಬಿದ್ದಿದ್ದರೆ, ಹೊಣೆ ಮುಗಿಯಿತು ಎಂಬ ಕೋರ್ಟಿನ ಪತ್ರ ತಹಶೀಲ್ದಾರರ ಕಚೇರಿಗೆ ಹೋಗಿ ಆ ನಮೂದು ತೆಗೆಸಬೇಕು. ತೆಗೆಸದಿದ್ದರೆ ಮುಂದಿನ ಮುಂಗಾರಿಗೆ ಬೆಳೆಸಾಲ ಕೇಳಲು ಹೋದ ದಿನ, ಸೊಸೈಟಿಯ ಕೌಂಟರಿನಲ್ಲಿ ಅದು ಎದುರಿಗೆ ಬರುತ್ತದೆ.